ಖಾಲಾರ ಕಾಯಿಲೆಯ ಹೆಸರು

ನನ್ನ ಖಾಲಾ ಬಬಲೇಶ್ವರದ ಗಂಡನ ಮನೆಯನ್ನು ತೊರೆದು ತಿಕೋಟಾದ ತವರಿಗೆ ಮರಳಿದಾಗ ಹದಿನಾಲ್ಕು ವರ್ಷಗಳ ಹೊಡೆತ ಬಡಿತಗಳು ಮುಗಿದವೆಂದೇ ನಾವು ಭಾವಿಸಿದ್ದೆವು. ಆದರೆ ಯಾರಾದರೂ ಬಾಗಿಲನ್ನು ಜೋರಾಗಿ ಬಡಿದರೆ ಅವರು ಅಡುಗೆಮನೆಯ ಮೂಲೆ ಸೇರುತ್ತಿದ್ದರು. ಮಗಳ ಸಣ್ಣ ತಪ್ಪಿಗೂ ಕಿರುಚಿ, ಮರುಕ್ಷಣವೇ ತಮ್ಮನ್ನು ಶಪಿಸಿಕೊಳ್ಳುತ್ತಿದ್ದರು. ಹತ್ತಿರದವರ ನಿಕಾಹ್‌ಗೂ ಹೋಗುತ್ತಿರಲಿಲ್ಲ.

ನಾನಿ ಇದನ್ನು ಜಿನ್ನಿನ ಬಾಧೆ ಎಂದರು. ತೋಳಿಗೆ ತಾವೀಜು ಬಂತು. ಮಾಮು ಈಮಾನ್ ದುರ್ಬಲವಾಗಿದೆ ಎಂದರು. ಓದಿದವನೆಂಬ ಹಮ್ಮಿನಲ್ಲಿ ನಾನು ಖಿನ್ನತೆ ಎಂದೆ. ವೈದ್ಯರೊಬ್ಬರು ಐದೇ ನಿಮಿಷದಲ್ಲಿ ನಿದ್ರೆಯ ಮಾತ್ರೆ ಬರೆದುಕೊಟ್ಟರು.

ನಾಲ್ಕು ವರ್ಷಗಳ ಬಳಿಕ ವಿಜಯಪುರದಲ್ಲಿ ನಾವು ಕಂಡ ಮನೋವೈದ್ಯೆ ಮೊದಲು ಮಾಡಿದ್ದು ನಮ್ಮನ್ನು ಹೊರಗೆ ಕಳುಹಿಸಿದ್ದು. ಮೂರು ಭೇಟಿಗಳಲ್ಲಿ ಅವರು ಹೆಚ್ಚಾಗಿ ಆಲಿಸಿದರು. ಅನಂತರವೇ ಹೆಸರು ಹೇಳಿದರು: ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ.

ಒಂದು ಅಪಘಾತದ ಆಘಾತ ಬೇರೆ, ತಪ್ಪಿಸಿಕೊಳ್ಳಲಾಗದ ಕಡೆ ವರ್ಷಗಟ್ಟಲೆ ಅನುಭವಿಸಿದ ಹಿಂಸೆ ಬೇರೆ ಎಂದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂದಾಗ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಕಳೆದುಹೋದದ್ದು ಈಗಲೇ ನಡೆಯುತ್ತಿರುವಂತೆ ಮರುಕಳಿಸುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರವಿರುವುದು, ಸದಾ ಅಪಾಯದ ಭಾವ. ಇವು ಆಘಾತದ ಸಾಮಾನ್ಯ ಲಕ್ಷಣಗಳು. ಇವುಗಳ ಜೊತೆಗೆ ಭಾವನೆಗಳು ಹತೋಟಿ ಮೀರುವುದು, ತಾನು ನಿಷ್ಪ್ರಯೋಜಕಳೆಂಬ ನಂಬಿಕೆ, ಸಂಬಂಧಗಳನ್ನು ಉಳಿಸಿಕೊಳ್ಳಲಾಗದಿರುವುದು ಸೇರಿದರೆ ಅದು ಸಂಕೀರ್ಣ ರೂಪ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಇಂದಿಗೂ ಪ್ರತ್ಯೇಕ ಕಾಯಿಲೆಯಲ್ಲ. ಹಾಗಾಗಿ ಒಬ್ಬರು ಖಿನ್ನತೆಯೆಂದೂ ಇನ್ನೊಬ್ಬರು ವ್ಯಕ್ತಿತ್ವದ ದೋಷವೆಂದೂ ಬರೆಯುವುದುಂಟು. ಆ ಎರಡನೆಯ ಹೆಸರು ಹೊಡೆತ ತಿಂದವಳ ಮೇಲೆಯೇ ತಪ್ಪು ಹೊರಿಸಿದಂತೆ ನನಗೆ ಕೇಳಿಸುತ್ತದೆ.

ಮನಸ್ಸಿನ ನೋವನ್ನು ವಿಂಗಡಿಸುವುದು ನಮ್ಮವರಿಗೆ ಹೊಸದೇನಲ್ಲ. ಹತ್ತನೆಯ ಶತಮಾನದ ಅಬೂ ಝೈದ್ ಅಲ್ ಬಲ್ಖೀ ದೇಹದಂತೆ ಮನಸ್ಸೂ ರೋಗಕ್ಕೆ ತುತ್ತಾಗುವುದೆಂದು ಬರೆದು, ಕೋಪ, ಭಯ, ದುಃಖ, ಕಾಡುವ ಯೋಚನೆಗಳನ್ನು ಬೇರೆಬೇರೆಯಾಗಿಯೇ ವಿವರಿಸಿದ್ದರು. ಮಗನ ಅಗಲಿಕೆಯ ದುಃಖದಿಂದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು. ಅವರ ಈಮಾನನ್ನು ಅಳೆಯಲು ನಾವು ಯಾರು?

ಹೆಸರು ಕೇಳಿದ ದಿನ ಖಾಲಾ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ನನ್ನ ಈಮಾನಿಗೆ ಏನೂ ಆಗಿಲ್ಲವೇ, ಡಾಕ್ಟರಮ್ಮ?" ಬಾಗಿಲಲ್ಲಿದ್ದ ಮಾಮು ತಲೆ ತಗ್ಗಿಸಿದರು.

ಆಪ್ತಸಮಾಲೋಚನೆ ಇನ್ನೂ ನಡೆದಿದೆ. ಬಸ್ಸು ತಪ್ಪಿ ವಿಜಯಪುರಕ್ಕೆ ಹೋಗಲಾಗದ ವಾರ 14416ಕ್ಕೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡುತ್ತಾರೆ. ತಾವೀಜು ಈಗಲೂ ತೋಳಿನಲ್ಲಿದೆ. ತೆಗೆಯಿರಿ ಎಂದು ವೈದ್ಯೆ ಒಮ್ಮೆಯೂ ಹೇಳಲಿಲ್ಲ.