ಗುಲ್ಮಾರ್ಗ್‌ನಲ್ಲಿ ಬೂಟು ಕಚ್ಚಿದ ಕಥೆ

ದೆಹಲಿಯಲ್ಲಿರುವ ನಮ್ಮಂಥವರಿಗೆ ಹಿಮ ಅಷ್ಟೇನೂ ದೂರವಲ್ಲ. ಬೆಳಿಗ್ಗೆ ವಿಮಾನ ಹತ್ತಿದರೆ ಒಂದೂವರೆ ಗಂಟೆಯಲ್ಲಿ ಶ್ರೀನಗರ, ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಗುಲ್ಮಾರ್ಗ್. ಆದರೂ ಇಪ್ಪತ್ತು ವರ್ಷ ಇಲ್ಲಿದ್ದ ನಾನು ಹಿಮದ ಮೇಲೆ ಕಾಲಿಟ್ಟಿರಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಸ್ನೋಬೋರ್ಡ್ ಕಲಿಯಬೇಕೆಂದು ಹಟ ಹಿಡಿದಳು. “ಅಪ್ಪ, ನೀನೂ ಕಲಿ. ಇಬ್ಬರೂ ಒಟ್ಟಿಗೆ ಬೀಳೋಣ” ಎಂದಳು. ಗಣರಾಜ್ಯೋತ್ಸವದ ರಜೆಗೆ ಇನ್ನಷ್ಟು ದಿನ ಸೇರಿಸಿಕೊಂಡು ಹೊರಟೆವು.

ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಯನ್ನು ಕಾಶ್ಮೀರದವರು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ನಾವು ಹೋದದ್ದು ಅದರ ಕೊನೆಯ ದಿನಗಳಲ್ಲಿ. ತಂಗ್‌ಮಾರ್ಗ್‌ವರೆಗೆ ಟ್ಯಾಕ್ಸಿ ಸಲೀಸಾಗಿ ಬಂತು. ಅಲ್ಲಿಂದ ಮೇಲಕ್ಕೆ 13 ಕಿಲೋಮೀಟರ್ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ. ಇಕ್ಕೆಲಗಳಲ್ಲೂ ಹಿಮ ಹೊತ್ತು ಬಾಗಿದ ಮರಗಳು. ಸುಮಾರು 2,650 ಮೀಟರ್ ಎತ್ತರದಲ್ಲಿ ಬಟ್ಟಲಿನಂತೆ ತೆರೆದುಕೊಳ್ಳುವ ಗುಲ್ಮಾರ್ಗ್‌ನ ಬಯಲು ಬೇಸಿಗೆಯಲ್ಲಿ ಗಾಲ್ಫ್ ಮೈದಾನ, ಚಳಿಗಾಲದಲ್ಲಿ ನಮ್ಮಂಥ ಹೊಸಬರ ಪಾಠಶಾಲೆ.

ತಪ್ಪು ಆದದ್ದು ಬೂಟು ಬಾಡಿಗೆಗೆ ತೆಗೆದುಕೊಳ್ಳುವಾಗ. ನನ್ನ ಅಳತೆ ಎಂಟು. ಎಂಟರ ಬೂಟು ಇರಲಿಲ್ಲ. “ಒಂಬತ್ತು ತಗೊಳ್ಳಿ, ಎರಡು ಜೊತೆ ಸಾಕ್ಸ್ ಹಾಕಿದರೆ ಸರಿಹೋಗುತ್ತೆ” ಎಂದರು ಅಂಗಡಿಯವರು. ಮಗಳಿಗೂ ಒಂದು ಅಳತೆ ದೊಡ್ಡದೇ ಸಿಕ್ಕಿತು. ಚಳಿ ಹೊಗದಿರಲೆಂದು ನಾನು ಥರ್ಮಲ್ ಪ್ಯಾಂಟಿನ ತುದಿಯನ್ನೂ ಸಾಕ್ಸಿನೊಳಗೆ ತುರುಕಿದೆ. ಮಗಳಿಗೂ ಹಾಗೇ ಮಾಡಲು ಹೇಳಿದೆ.

ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಸ್ನೋಬೋರ್ಡಿನ ಬೂಟು ಮೆತ್ತಗೆ. ಒಳಗೆ ಬೇರೆಯದೇ ಒಂದು ಮೆತ್ತನೆಯ ಬೂಟು, ಮುಂದೆ ದಪ್ಪ ನಾಲಗೆ. ಮೆತ್ತಗಿದೆಯಲ್ಲ, ಇದೇನು ಮಾಡೀತು ಎನಿಸುತ್ತದೆ. ಬೋರ್ಡಿನ ಮೇಲೆ ನಾವು ನಿಲ್ಲುವುದು ಅಡ್ಡಡ್ಡ. ಅದಕ್ಕೆ ಹಿಮ್ಮಡಿಯ ಕಡೆ ಒಂದು ಅಂಚು, ಬೆರಳುಗಳ ಕಡೆ ಒಂದು ಅಂಚು. ಬೆರಳ ಕಡೆಗೆ ತಿರುಗಬೇಕಾದರೆ ಮಂಡಿ ಬಗ್ಗಿಸಿ, ಕಾಲಿನ ಮುಂಭಾಗದಿಂದ ಆ ನಾಲಗೆಯನ್ನು ಒತ್ತಬೇಕು. ಕಾಲಿನ ಹಿಂಭಾಗಕ್ಕೆ ಮೀನಖಂಡ ಎಂಬ ಚಂದದ ಹೆಸರಿದೆ. ಮುಂದಿನ ಮೂಳೆಯ ಭಾಗವನ್ನು ನಮ್ಮ ಮನೆಯಲ್ಲಿ ಮುಂಗಾಲು ಎನ್ನುತ್ತಿದ್ದೆವು. ಹಿಂದೆ ಮಾಂಸವಿದೆ, ಮುಂದೆ ಚರ್ಮದ ಕೆಳಗೆ ನೇರ ಮೂಳೆ. ತಡೆದುಕೊಳ್ಳಲು ನಡುವೆ ಏನೂ ಇಲ್ಲ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎಡ ಮುಂಗಾಲು ಉರಿಯತೊಡಗಿತು. ಸಡಿಲವಾಗಿರಬೇಕೆಂದು ಲೇಸನ್ನು ಮೇಲಿನಿಂದ ಜಗ್ಗಿ ಬಿಗಿದೆ. ಉರಿ ಹೆಚ್ಚಿತು, ಇನ್ನೂ ಬಿಗಿದೆ. ಸಂಜೆ ಹೋಟೆಲಿನಲ್ಲಿ ಸಾಕ್ಸ್ ಬಿಚ್ಚಿ ನೋಡಿದರೆ ಅಂಗೈಯಗಲ ಕೆಂಪು, ಅದರ ನಡುವೆ ಥರ್ಮಲ್ಲಿನ ಹೊಲಿಗೆ ಅಚ್ಚೊತ್ತಿದಂತೆ ಮೂಡಿತ್ತು. ಹೊಲಿಗೆ ಹಾದುಹೋದಲ್ಲಿ ನಾಣ್ಯದಷ್ಟು ಚರ್ಮ ಸುಲಿದಿತ್ತು. ಬಚ್ಚಲಿಗೆ ಹೋಗಿ ತೊಳೆದುಕೊಂಡು, ಪೈಜಾಮ ಹಾಕಿ ಮುಚ್ಚಿಕೊಂಡೆ. ನಾಲ್ಕು ದಿನದ ತರಬೇತಿಗೆ ಹಣ ಕಟ್ಟಿಯಾಗಿತ್ತು. ಮಗಳ ಉತ್ಸಾಹಕ್ಕೆ ತಣ್ಣೀರೆರಚುವುದು ಬೇಡವೆನಿಸಿತು. ಸಾಗರದಿಂದ ಅಮ್ಮನ ಫೋನು ಬಂತು. “ಕಾಲು ಗೀಲು ಮುರ್ಕೊಂಡಿಲ್ಲ ತಾನೇ?” ಎಂದರು. “ಏನೂ ಇಲ್ಲಮ್ಮ, ಆರಾಮಿದ್ದೀವಿ” ಎಂದೆ.

ಎರಡನೇ ದಿನ ಮಗಳ ಆಟವೇ ಬದಲಾಗಿತ್ತು. ಹಿಂದಿನ ದಿನ ನನಗಿಂತ ಚೆನ್ನಾಗಿ ಕಲಿತಿದ್ದವಳು ಈಗ ಹಿಮ್ಮಡಿಯ ಅಂಚಿನ ಮೇಲೆ ಮಾತ್ರ ಜಾರುತ್ತಿದ್ದಳು. ಬೆರಳ ಕಡೆ ತಿರುಗುವ ಜಾಗ ಬಂದರೆ ಬೇಕೆಂದೇ ಕೂತುಬಿಡುತ್ತಿದ್ದಳು. ಹೆದರಿರಬೇಕೆಂದು ನಾನು ಅಂದುಕೊಂಡೆ. ತಂಗ್‌ಮಾರ್ಗ್ ಕಡೆಯ ಯುವಕರೊಬ್ಬರು ನಮಗೆ ಕಲಿಸುತ್ತಿದ್ದರು. ಅವರು ಒಂದೆರಡು ಸಲ ನೋಡಿ, ಹತ್ತಿರ ಬಂದು, “ಬೇಟಿ, ಬೂಟು ಬಿಚ್ಚು” ಎಂದರು. ಅವಳು ನನ್ನ ಮುಖ ನೋಡಿದಳು.

ಎರಡೂ ಕಾಲಿನಲ್ಲಿ ಗಾಯ. ಬಲಗಾಲಿನ ನೀರುಗುಳ್ಳೆ ಒಡೆದು ಸಾಕ್ಸು ಅಂಟಿಕೊಂಡಿತ್ತು. ನನ್ನ ಗಾಯಕ್ಕಿಂತ ಎರಡು ಪಟ್ಟು ದೊಡ್ಡದು.

“ಯಾಕೆ ಹೇಳಲಿಲ್ಲ ಪುಟ್ಟಾ?”

“ನಿನಗೂ ಆಗಿತ್ತಲ್ಲಪ್ಪ. ನಿನ್ನೆ ಬಚ್ಚಲಲ್ಲಿ ಕಾಲು ತೊಳೀತಿದ್ದಾಗ ನೋಡಿದೆ. ನೀನು ಏನೂ ಹೇಳಲಿಲ್ಲ. ಇದು ಹೀಗೇ ಇರುತ್ತೆ, ತಡ್ಕೋಬೇಕು ಅಂದ್ಕೊಂಡೆ.”

ನನಗೆ ಉತ್ತರ ಹೊಳೆಯಲಿಲ್ಲ. ತಲೆ ತಗ್ಗಿಸಿ ನನ್ನ ಬೂಟಿನ ಲೇಸನ್ನೂ ಬಿಚ್ಚಿದೆ.

ಅವರು ನಮ್ಮಿಬ್ಬರನ್ನೂ ಚಹಾದಂಗಡಿಗೆ ಕರೆದೊಯ್ದು, ಕಹ್ವಾ ಹೇಳಿ, ಬೂಟನ್ನು ತೊಡೆಯ ಮೇಲಿಟ್ಟುಕೊಂಡು ವಿವರಿಸಿದರು. ಬೂಟು ದೊಡ್ಡದಾದರೆ ಒಳಗೆ ಹಿಮ್ಮಡಿ ಮೇಲೇಳುತ್ತದೆ. ಹಿಮ್ಮಡಿ ಎದ್ದಾಗಲೆಲ್ಲ ಮುಂಗಾಲು ನಾಲಗೆಗೆ ಉಜ್ಜುತ್ತದೆ, ಬಡಿಯುತ್ತದೆ. ಮೇಲಿನ ಲೇಸನ್ನು ಎಷ್ಟು ಬಿಗಿದರೂ ಹಿಮ್ಮಡಿ ನಿಲ್ಲುವುದಿಲ್ಲ, ಮೂಳೆಯ ಮೇಲೆ ಒತ್ತಡ ಹೆಚ್ಚುತ್ತದೆ ಅಷ್ಟೆ. ಎರಡು ಸಾಕ್ಸುಗಳು ಒಂದರ ಮೇಲೊಂದು ಜಾರಿ ಸುಕ್ಕು ಕಟ್ಟುತ್ತವೆ, ಬೆವರನ್ನೂ ಹಿಡಿದಿಡುತ್ತವೆ. ಥರ್ಮಲ್ಲಿನ ಹೊಲಿಗೆ ಗರಗಸದ ಕೆಲಸ ಮಾಡುತ್ತದೆ. “ಹಿಮ್ಮಡಿಯನ್ನು ಕೂರಿಸಿ ಸರ್‌ಜೀ, ಮುಂಗಾಲನ್ನು ಹಿಂಡಬೇಡಿ” ಎಂದರು.

ಗಾಯವನ್ನು ಉಗುರುಬೆಚ್ಚಗಿನ ನೀರು, ಸೋಪಿನಿಂದ ತೊಳೆದೆವು. ಒಡೆಯದ ಗುಳ್ಳೆಯನ್ನು ಮುಟ್ಟಲಿಲ್ಲ. ಒಡೆದದ್ದರ ಮೇಲಿನ ಚರ್ಮವನ್ನೂ ಕೀಳಲಿಲ್ಲ, ಅದೇ ಒಳಗಿನ ಹಸಿಗೆ ಹೊದಿಕೆ. ತೆಳ್ಳಗೆ ವ್ಯಾಸಲೀನ್ ಸವರಿ, ಅಂಟದ ಬಟ್ಟೆ ಇಟ್ಟು ಪಟ್ಟಿ ಕಟ್ಟಿದೆವು. ಸುಲಿಯದೆ ಬರೀ ಊದಿದ್ದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಹಿಮವನ್ನು ಹತ್ತು ನಿಮಿಷ ಹಿಡಿದೆವು. ಗುಲ್ಮಾರ್ಗ್‌ನಲ್ಲಿ ಅದಕ್ಕೇನು ಕೊರತೆ!

ಮೂರನೇ ದಿನ ಬೂಟಿಗೆ ರಜೆ. ಸಡಿಲ ಪ್ಯಾಂಟು ತೊಟ್ಟು ಗೊಂಡೊಲಾ ಹತ್ತಿದೆವು. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೂರಿಗೆ ಒಯ್ಯುತ್ತದೆ, 2005ರಲ್ಲಿ ಬಂದ ಎರಡನೆಯದು ಅಫರ್ವಟ್‌ನ ಹೆಗಲಿಗೆ, 3,900 ಮೀಟರಿಗೂ ಮೇಲೆ. ಮೇಲಿಂದ ನೋಡಿದರೆ ಪೀರ್ ಪಂಜಾಲ್ ಸಾಲಿನ ಬಿಳಿ ಬೆನ್ನು, ಕೆಳಗೆ ಮಂಜಿನಲ್ಲಿ ಕಣಿವೆ. ಬಲ್ಲವರು ಅಲ್ಲಿಂದ ಧುಮುಕಿ ಕ್ಷಣದಲ್ಲಿ ಚುಕ್ಕೆಯಾಗುತ್ತಿದ್ದರು. ನಾವಿಬ್ಬರೂ ನೋಡುತ್ತಿದ್ದದ್ದು ಅವರು ಹೊರಡುವ ಮುನ್ನ ಬೂಟು ಕಟ್ಟುವ ರೀತಿಯನ್ನು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುವುದು, ಮಂಡಿ ಬಗ್ಗಿಸಿ ಲೇಸು ಎಳೆಯುವುದು, ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಸರಿಮಾಡುವುದು. ಯಾರಿಗೂ ಅವಸರವಿರಲಿಲ್ಲ.

ನಾಲ್ಕನೇ ದಿನ ಬೇರೊಂದು ಅಂಗಡಿಯಲ್ಲಿ ಎಂಟರ ಬೂಟು ಸಿಕ್ಕಿತು. ಅಂಗಡಿಯಲ್ಲೇ ಕಾಲು ಗಂಟೆ ಹಾಕಿಕೊಂಡು ಓಡಾಡಿದೆ. ನಿಂತಾಗ ಬೆರಳು ತುದಿಗೆ ಮೆಲ್ಲಗೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಮಂಡಿಯವರೆಗಿನ ಒಂದೇ ಜೊತೆ ತೆಳು ಉಣ್ಣೆಯ ಸಾಕ್ಸು, ಸುಕ್ಕಿಲ್ಲದೆ. ಥರ್ಮಲ್ಲನ್ನು ಬೂಟಿಗಿಂತ ಮೇಲೆಳೆದುಕೊಂಡೆ. ದಪ್ಪ ಫೋಮಿನ ತುಂಡಿಗೆ ನಡುವೆ ತೂತು ಕತ್ತರಿಸಿ, ಉದ್ದಿನವಡೆಯ ಹಾಗೆ, ಗಾಯ ತೂತಿನೊಳಗೆ ಬರುವಂತೆ ಅಂಟಿಸಿದರು. ಲೇಸನ್ನು ಕಣಕಾಲಿನ ಹತ್ತಿರ ಬಿಗಿದು, ಮೇಲೆ ಹಿತವಾಗಿರುವಷ್ಟೇ ಕಟ್ಟಿದರು.

ಮಗಳಿಗೆ ಮಾತ್ರ ಬೂಟು ಬೇಡವೆಂದರು. ಹಸಿ ಗಾಯ, ಉಜ್ಜಿದರೆ ಕೀವಾಗಬಹುದು. ಅವಳು ಹಟ ಹಿಡಿದು ಬಂದ ನಾಲ್ಕು ದಿನಗಳಲ್ಲಿ ಸಿಕ್ಕಿದ್ದು ಒಂದೂವರೆ ದಿನ. ನಾನೂ ಬಿಟ್ಟುಬಿಡುತ್ತೇನೆ ಎಂದೆ. “ಬೇಡಪ್ಪ, ನೀನು ಹೋಗು. ಇಲ್ಲಾಂದ್ರೆ ಇಬ್ಬರದ್ದೂ ದಂಡ” ಎಂದು ಫೋನು ಹಿಡಿದು ಇಳಿಜಾರಿನ ಬುಡದಲ್ಲಿ ನಿಂತಳು. ಆ ದಿನ ಒಂದೇ ಒಂದು ಸಲ ಬೆರಳ ಅಂಚಿನ ಮೇಲೆ ಪೂರ್ತಿ ತಿರುಗಿದೆ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು, ಅಣ್ಣ ತೋಟದ ದರೆಯಿಂದ ಎಳೆದಾಗ ಹೊಟ್ಟೆಯಲ್ಲಿ ಆಗುತ್ತಿದ್ದುದೇ ಆಯಿತು. ಬುಡ ತಲುಪಿದಾಗ ಮಗಳು ಕೇಳಿದ ಮೊದಲ ಮಾತು “ನೋವಿದೆಯಾ?” ಎಂದು. “ಸ್ವಲ್ಪ ಇದೆ” ಎಂದೆ. ಆ ಪ್ರವಾಸದಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು.

ಹೋಗುವವರಿಗೆ ಒಂದೆರಡು ಮಾತು. ಬೂಟಿನ ಒಳಪದರವನ್ನು ರಾತ್ರಿ ಹೊರತೆಗೆದು ಒಣಗಿಸಿ. ಕೋಣೆಯ ಬುಖಾರಿ ಒಲೆಗೆ ತೀರಾ ಹತ್ತಿರ ಇಟ್ಟರೆ ಕೆಡುತ್ತದೆ. ಉರಿ ಶುರುವಾದ ಕೂಡಲೇ ನಿಲ್ಲಿಸಿ ಬೂಟು ಬಿಚ್ಚಿ ನೋಡಿ. ಬೆರಳು ಜೋಮು ಹಿಡಿದು ಬಿಡದಿದ್ದರೆ, ಮೂಳೆಯ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವಿದ್ದರೆ, ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಸಣ್ಣ ಗಾಯವನ್ನೂ ಉದಾಸೀನ ಮಾಡಬಾರದು.

ದೆಹಲಿಗೆ ಬಂದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ನಕ್ಕರು. “ಹೊಸ ಚಪ್ಪಲಿ ಕಚ್ಚಿದಾಗಲೂ ನೀನು ಹೀಗೇ ಕಣೋ. ಕುಂಟ್ಕೊಂಡೇ ಶಾಲೆಗೆ ಹೋಗಿ ಬರ್ತಿದ್ದೆ, ಬಾಯಿ ಬಿಡ್ತಿರಲಿಲ್ಲ. ಸಂಜೆ ನಾನೇ ಕಾಲು ನೋಡಿ ಕೊಬ್ಬರಿ ಎಣ್ಣೆ ಹಚ್ಚಬೇಕಿತ್ತು.” ಪಕ್ಕದಲ್ಲಿದ್ದ ಮಗಳು, “ಅಜ್ಜಿ, ಇನ್ಮೇಲೆ ನಾನು ನೋಡ್ತೀನಿ ಬಿಡಿ” ಎಂದಳು.

ಮುಂದಿನ ಜನವರಿಯಲ್ಲಿ ಮತ್ತೆ ಹೋಗುವ ಮಾತಾಗಿದೆ. ಒಪ್ಪಂದ ಒಂದೇ: ಮೊದಲ ದಿನ, ಮೊದಲ ಗಂಟೆಯಲ್ಲೇ ಇಬ್ಬರೂ ಬೂಟು ಬಿಚ್ಚಿ ಕಾಲು ತೋರಿಸಬೇಕು.