ಆಡಿದ ಮಾತಿನ ಹೊಣೆ

ವೇದಿಕೆಯ ಮಾತಿಗೆ ಆಯುಷ್ಯ ಕಡಿಮೆ. ಕೊರಳಿಗೆ ಹಾಕಿದ ಹಾರ ಬಾಡುವ ಮುನ್ನವೇ ಮರೆತುಹೋಗುವ ಭಾಷಣಗಳೇ ಬಹಳ. ಸ್ವಾಗತ, ಸನ್ಮಾನ, ವಂದನಾರ್ಪಣೆಗಳ ನಡುವೆ ಸಿಲುಕಿದ ಭಾಷಣವು ಕ್ರಮೇಣ ಒಂದು ವಿಧಿಯಾಗಿಬಿಡುತ್ತದೆ. ಹೀಗಿದ್ದೂ ಹೊಸಗನ್ನಡ ಸಾಹಿತ್ಯದ ಅರುಣೋದಯವನ್ನು ಗುರುತಿಸುವಾಗ ವಿದ್ವಾಂಸರು ಕೃತಿಗಳ ಜೊತೆಗೆ ಒಂದು ಭಾಷಣವನ್ನೂ ತಪ್ಪದೆ ನೆನೆಯುತ್ತಾರೆ. ಅದು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಮಾಡಿದ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ.

ಆಗ ಅವರಿಗೆ ಇಪ್ಪತ್ತೇಳು ವರ್ಷ. ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ಬಂದದ್ದು ಮೈಸೂರು ಸಂಸ್ಥಾನದಿಂದ. ಧಾರವಾಡವಾದರೋ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡವನ್ನು ಉಳಿಸಿಕೊಳ್ಳಲೆಂದೇ ಅಲ್ಲಿ 1890ರಲ್ಲಿ ಆ ಸಂಘ ಹುಟ್ಟಿತ್ತು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದ ಆ ಕಾಲದಲ್ಲಿ ಇಂಥ ಸಭೆಯ ಮುಂದೆ ನಿಂತವನಿಗೆ ಎರಡು ಸುಲಭದ ಹಾದಿಗಳಿದ್ದವು: ಗತವೈಭವದ ಹೊಗಳಿಕೆ, ಇಲ್ಲವೇ ವರ್ತಮಾನದ ಗೋಳು. ಎರಡಕ್ಕೂ ಚಪ್ಪಾಳೆ ಖಚಿತ.

ಶ್ರೀಯವರ ಆಯ್ಕೆ ಶೀರ್ಷಿಕೆಯಲ್ಲಿಯೇ ಇದೆ. 'ಬಗೆ' ಎಂಬ ಮಾತಿಗೆ ರೀತಿ, ಉಪಾಯ ಎಂಬ ಅರ್ಥವಿರುವಂತೆ ಮನಸ್ಸು, ಆಲೋಚನೆ ಎಂಬ ಹಳೆಯ ಅರ್ಥವೂ ಉಂಟು. ಕನ್ನಡ ತಲೆಯೆತ್ತಬೇಕು ಎಂಬುದು ಘೋಷಣೆ. ತಲೆಯೆತ್ತುವ ಬಗೆ ಯಾವುದು ಎಂಬುದು ವಿಚಾರ. ಜನರಾಡುವ ಹೊಸಗನ್ನಡ ಸಾಹಿತ್ಯಕ್ಕೆ ಒದಗಬೇಕು, ಇಂಗ್ಲಿಷ್ ಸಾಹಿತ್ಯದ ಸಂಪರ್ಕದಿಂದ ಅದು ಹೊಸ ಸತ್ವವನ್ನು ಪಡೆಯಬೇಕು ಎಂಬ ದಿಕ್ಕಿನಲ್ಲಿ ಅವರ ಚಿಂತನೆ ಸಾಗಿತು. ಸಭಿಕರನ್ನು ಮೆಚ್ಚಿಸುವುದು ವಾಕ್ಪಟುತ್ವ. ಅವರಿಗೊಂದು ಕೆಲಸವನ್ನು ಒಪ್ಪಿಸುವುದು ವಾಗ್ಮಿತೆ.

ಒಪ್ಪಿಸಿದ ಕೆಲಸಕ್ಕೆ ಅವರೇ ಮೊದಲು ಹೆಗಲು ಕೊಟ್ಟರು. 'ಇಂಗ್ಲಿಷ್ ಗೀತಗಳು' ಸಂಕಲನ ನವೋದಯ ಕಾವ್ಯಕ್ಕೆ ಹೊಸ ಲಯಗಳನ್ನು ತೆರೆದು ತೋರಿಸಿತು. ಇತ್ತ ಜೈನಕವಿ ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಆಗಿ ರಂಗಕ್ಕೆ ಒಗ್ಗಿಸಿ, ಹೊಸತನವೆಂದರೆ ಹಳಗನ್ನಡದ ನಿರಾಕರಣೆಯಲ್ಲವೆಂದೂ ತೋರಿಸಿದರು. 1928ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಒಲಿದಾಗ, ಆ ಪೀಠದ ಮಾತಿನ ಹಿಂದೆ ಹದಿನೇಳು ವರ್ಷಗಳ ದುಡಿಮೆಯ ತೂಕವಿತ್ತು. 1946ರಲ್ಲಿ ಅವರು ಕೊನೆಯುಸಿರೆಳೆದದ್ದು ಆ ಮಾತನ್ನು ಆಡಿದ ಧಾರವಾಡದಲ್ಲಿಯೇ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡನಾಡಿನವರನ್ನು ಬಣ್ಣಿಸುವಾಗ, ಅರಿತು ಆಡುವ ಶಕ್ತಿಯ ಜೊತೆಗೆ ಆಡಿದುದನ್ನು ಅರಿತು ವಿಚಾರಿಸುವ ಶಕ್ತಿಯನ್ನೂ ಅವರ ಗುಣವೆಂದು ಹೇಳುತ್ತದೆ. ಭಾಷಣಕಲೆಯ ಲಕ್ಷಣವನ್ನು ಇದಕ್ಕಿಂತ ಸಮಗ್ರವಾಗಿ ಹೇಳುವುದು ಕಷ್ಟ. ಅಲ್ಲಿ ಕೇಳುಗನೂ ಪರೀಕ್ಷಕ. ಇಂದಿನ ಸಭೆಗಳಲ್ಲಿ ಧ್ವನಿವರ್ಧಕದ ಶಕ್ತಿ ಹೆಚ್ಚಿದೆ. ವಿಚಾರಿಸುವ ಕಿವಿಗಳು ಅಷ್ಟೇ ಹೆಚ್ಚಿವೆಯೇ ಎಂಬುದು ಪ್ರಶ್ನೆ. ಭಾಷಣದ ನಿಜವಾದ ಮುಕ್ತಾಯ ವಂದನಾರ್ಪಣೆಯಲ್ಲಿಲ್ಲ. ಆಡಿದವನೂ ಕೇಳಿದವರೂ ಮರುದಿನ ಕೈಗೆತ್ತಿಕೊಳ್ಳುವ ಕೆಲಸದಲ್ಲಿದೆ.