217 ಅಂದ್ರ ಯಾರು?

“ಅರ್ಧಾ ತಾಸಿನ ಕೆಲಸ ಕಾಕಾ, ಐತವಾರ ಮಾಡಿ ಒಗೀತೀನಿ” ಅಂದುಬಿಟ್ಟೆ. ನಮ್ಮ ಮನೆತನದಲ್ಲಿ ಕಂಪ್ಯೂಟರ್ ಪಂಡಿತ ಅಂದರೆ ನಾನೇ. ಎಂದೋ ಮಾವನ ಮನೆಯ ಪ್ರಿಂಟರ್ ಸರಿಮಾಡಿದ್ದಕ್ಕೆ ಸಿಕ್ಕ ಬಿರುದು. ಇಪ್ಪತ್ತು ವರ್ಷದಿಂದ ಅದನ್ನೇ ಹೊದ್ದುಕೊಂಡು ತಿರುಗುತ್ತಿದ್ದೇನೆ.

ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಪಗಾರದಲ್ಲಿ ನಾಲ್ಕು ಕಾಸು ಉಳಿದರೆ ಫಿಲ್ಮ್ ರೋಲು ತರುವ ಚಟ. ಮೀಟರ್‌ಗೇಜ್ ಎಂಜಿನ್ನು, ಉಣಕಲ್ ಕೆರೆ, ಧಾರವಾಡದ ಸುಭಾಸ ರಸ್ತೆ, ಕಾರಹುಣ್ಣಿಮೆಯ ಎತ್ತು, ಯಾರದೋ ಕುಬಸ, ಯಾರದೋ ಜವಳ, ಹೀಗೆ 412 ಫೋಟೋ ಆಲ್ಬಮ್ಮುಗಳಲ್ಲಿ ಅಂಟಿ ಕೂತಿದ್ದವು. ಬೇಸಿಗೆ ಸೂಟಿಯಲ್ಲಿ ಮೊಮ್ಮಗಳು ಎಲ್ಲವನ್ನೂ ಸ್ಕ್ಯಾನ್ ಮಾಡಿದಳು. ಕಾಕಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು, ಆಕೆ ಒಂದೊಂದು ಫೈಲಿಗೂ ಕನ್ನಡದಲ್ಲೇ ಹೆಸರು ಬರೆಯುವುದು: ‘ದೊಡ್ಡತ್ತಿ ಕುಬಸ’, ‘ಅವ್ವ ಉಣಕಲ್ ಕೆರಿ ದಂಡಿ ಮ್ಯಾಲೆ’. ಹದಿನೈದು ದಿನದ ಕೆಲಸ. ಮನೆತನದವರೆಲ್ಲ ನೋಡುವಂತೆ ಇಂಟರ್ನೆಟ್ಟಿಗೆ ಏರಿಸು ಅಂತ ಎಲ್ಲ ಒಂದು ಪೆನ್‌ಡ್ರೈವಿನಲ್ಲಿ ನನ್ನ ಕೈಗೆ ಬಂತು.

ಪಿವಿಗೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, 2002ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು. ಸರ್ವರಿನಲ್ಲಿ ಒಂದಿಷ್ಟು ಜಾಗ ಬಾಡಿಗೆ ಹಿಡಿದು ಅದನ್ನು ಕೂರಿಸಿದರೆ ಸ್ವಂತದ ಫೋಟೋ ಗ್ಯಾಲರಿ ತಯಾರು. ಐತವಾರ ಕೂತೆ. ಡೇಟಾಬೇಸಿನ ಹೆಸರು ಕೇಳಿತು, ಕೊಟ್ಟೆ, ಒಲ್ಲೆ ಅಂತು. ಪಾಸ್‌ವರ್ಡ್ ಮೂರು ಸಲ ಬದಲಿಸಿದೆ. ನಾನು ಇಟ್ಟ ಹೆಸರಿನ ಮುಂದೆ ಬಾಡಿಗೆ ಖಾತೆಯ ಹೆಸರೂ ಅಂಟಿಕೊಂಡಿರುತ್ತದೆ, ಪೂರ್ತಿ ಹೇಳಿದರೇ ಬಾಗಿಲು ತೆರೆಯುತ್ತದೆ ಎಂದು ಗೊತ್ತಾಗಲು ಬುಧವಾರ ಬಂತು. ಅಡ್ಡಹೆಸರು ಹೇಳದೆ ನಮ್ಮ ಓಣಿಯಲ್ಲಿ ಯಾರ ಮನೆಯೂ ಸಿಗುವುದಿಲ್ಲವಲ್ಲ, ಹಾಗೆ.

ಆಮೇಲೆ ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲ ಅಂತು. ಸಿಟ್ಟಿಗೆದ್ದು ಎಲ್ಲಕ್ಕೂ 777 ಒತ್ತಿದೆ. ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಮಾಲೀಕನಿಗೆ, ಅವನ ಗುಂಪಿಗೆ, ಉಳಿದ ಜಗತ್ತಿಗೆ, ಮೂವರಿಗೂ ಅದೇ ಸಲುಗೆ. ತಲಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದಂತೆ. ಅದನ್ನು 755ಕ್ಕೆ ಇಳಿಸಿದ್ದು ಎಷ್ಟೋ ದಿನದ ಮೇಲೆ. ನಡುವೆ ಕಾಕಾನ ಫೋನು: “ಆತೇನಪಾ?” “ಸರ್ವರ್ ಸ್ಲೋ ಐತಿ ಕಾಕಾ.” ಸರ್ವರಿನ ಮೇಲೆ ಹಾಕಿದರೆ ಅದೇನು ತಿರುಗಿ ಮಾತಾಡುತ್ತದೆಯೇ?

ಫೋಟೋ ಏರಿಸಲು ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ದಾರಿ. ಬ್ರೌಸರಿನಲ್ಲಿ ಎಳೆದು ಹಾಕುವುದು ಒಂದು. ಅದು ಸಾಮಾನ್ಯರಿಗೆ. ಎಫ್‌ಟಿಪಿಯಿಂದ ನೇರವಾಗಿ ಸರ್ವರಿನ ಫೋಲ್ಡರಿಗೆ ತುಂಬಿ ‘ಸಿಂಕ್’ ಮಾಡುವುದು ಇನ್ನೊಂದು. ಪಂಡಿತ ಯಾವುದು ಹಿಡಿದಾನು? ಇಡೀ ರಾತ್ರಿ ತುಂಬಿಸಿ ಸಿಂಕ್ ಒತ್ತಿದೆ. 412ಕ್ಕೆ 412 ತಪ್ಪು. ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ, ಚುಕ್ಕೆ, ಇಷ್ಟೇ ನಡೆಯುತ್ತದೆ ಎಂದು ಅಲ್ಲೇ ಬರೆದಿತ್ತು. ನಾನು ಓದಲಿಲ್ಲ. ಎರಡು ದಿನ ಸರ್ವರಿನ ಆವೃತ್ತಿ ಬದಲಿಸಿದೆ, ಎಲ್ಲ ಅಳಿಸಿ ಮತ್ತೆ ಕೂರಿಸಿದೆ. ಕಡೆಗೊಮ್ಮೆ ಓದಿದಾಗ ನಗು ಬಂತು. ಇಷ್ಟೇನಾ! ಪೆನ್‌ಡ್ರೈವಿನಲ್ಲೇ ಎಲ್ಲ ಆರಿಸಿ, ಒಂದೇ ಏಟಿಗೆ 001ರಿಂದ 412ರವರೆಗೆ ಹೆಸರು ಬದಲಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಬೇರೆ ನಕಲು ಇರಲಿಲ್ಲ.

ಮನೆತನದ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ, ಶಹಬ್ಬಾಸ್‌ಗಿರಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆ. ಪುಣೆಯಿಂದ ಅತ್ತಿಯ ಫೋನು. “217 ಅಂತ ಬರದೀಯಲ್ಲೋ, 217 ಅಂದ್ರ ಯಾರು ಗೊತ್ತದನ? ನಮ್ಮವ್ವ. ನಿಮ್ಮಜ್ಜಿ.” ತೆರೆದು ನೋಡಿದೆ. ಕೆರೆ ದಂಡೆಯ ಮೇಲೆ ಇಳಕಲ್ ಸೀರೆಯ ಸಣ್ಣ ವಯಸ್ಸಿನ ಹೆಂಗಸು. ನಾನು ಕಂಡದ್ದು ಬೆನ್ನು ಬಾಗಿದ ಅಜ್ಜಿಯನ್ನು ಮಾತ್ರ. ಚಹಾ ಅಲ್ಲೇ ಆರಿತು.

ಆ ಹೆಸರುಗಳನ್ನು ನಾನು ಎಂದೂ ಓದಿರಲೇ ಇಲ್ಲ. ನನ್ನ ಕಣ್ಣಿಗೆ ಅವು ಸಾಫ್ಟ್‌ವೇರಿಗೆ ಒಗ್ಗದ ಅಕ್ಷರಗಳು, ಗುಡಿಸಿದರೆ ತೀರಿತು. ಇನ್ನೂ ಹೊಟ್ಟೆ ಉರಿಯುವ ಸಂಗತಿ: ಆ ಸಾಮಾನ್ಯರ ದಾರಿಯಲ್ಲಿ ಹೋಗಿದ್ದರೆ ಪಿವಿಗೋ ಫೈಲಿಗೆ ತನ್ನದೇ ಹೆಸರಿಟ್ಟುಕೊಂಡು, ಕನ್ನಡದ ಹೆಸರನ್ನು ಶೀರ್ಷಿಕೆಯಾಗಿ ಉಳಿಸಿಕೊಳ್ಳುತ್ತಿತ್ತು.

ಕಾಕಾನ ಮುಂದೆ ಕೂತು ಒಪ್ಪಿಕೊಂಡೆ. ಬೈದಿದ್ದರೆ ಚಲೋ ಇತ್ತು. “ವರ್ಕ್‌ಶಾಪಿನ್ಯಾಗ ನನಗೂ ಒಂದು ನಂಬರ್ ಇತ್ತು ತಮ್ಮಾ” ಅಂದರು. “ಮನ್ಯಾಗ ಯಾರೂ ಹಂಗ ಕರೀತಿದ್ದಿಲ್ಲ.”

ಈಗ ಸಂಜೆಗೊಮ್ಮೆ ಹೋಗಿ ಕೂಡುತ್ತೇನೆ. ಕಾಕಾ ಹೇಳುತ್ತಾರೆ, ನಾನು ಶೀರ್ಷಿಕೆಯ ಜಾಗದಲ್ಲಿ ಟೈಪ್ ಮಾಡುತ್ತೇನೆ. ಮೊಮ್ಮಗಳಿಗೆ ಕೆಲವು ನೆನಪಿವೆ, ಅತ್ತಿಗೆ ಕೆಲವು. ಮೊನ್ನೆ 303 ತೆರೆದೆ. ಎಂಜಿನ್ನಿಗೆ ಒರಗಿ ಇಬ್ಬರು. ಒಬ್ಬರು ಕಾಕಾ, ಅವರ ಹೆಗಲ ಮೇಲೆ ಕೈ ಹಾಕಿದವನು ಇನ್ನೊಬ್ಬ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇಬ್ರೂ ಒಂದ ಡಬ್ಬಿ ಊಟಾ ಮಾಡ್ತಿದ್ವಿ… ಹೆಸರು ಬಾಯಾಗ ಐತಿ ನೋಡು, ಬರವಲ್ದು. ಹ್ವಾದ ಬ್ಯಾಸಗ್ಯಾಗ ಆ ಹುಡಿಗಿಗೆ ಹೇಳಿದ್ನಲ್ಲ.”